ಹೆಸರು ಹಿಡಿದು ಕೊಟ್ಟ ದೂರು

ನಮ್ಮ ಪರ್ಕಳದ ಶಾಲೆಯ ಅಟೆಂಡರ್ ಸರ್ವೋತ್ತಮ ನನ್ನ ಓರಗೆಯವನು. ಗಂಟೆ ಹೊಡೆಯುವುದರಲ್ಲಿ ಒಂದು ನಿಮಿಷ ಆಚೀಚೆ ಆಗದ ಮನುಷ್ಯ. ಹಟದಲ್ಲಿ ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು.

ಹದಿನೆಂಟು ವರ್ಷಗಳ ಹಿಂದೆ ಅವನ ಸೈಕಲ್ ಕಳವಾಯಿತು. ಅದರ ಚೈನ್ ಕವರಿನ ಮೇಲೆ ತಂಗಿ ಕುಶಲಾಳ ಹೆಸರನ್ನು ತಾನೇ ಹಳದಿ ಬಣ್ಣದಲ್ಲಿ ಬರೆದಿದ್ದ. ಹಿಂದಿನ ದಿನವಷ್ಟೇ ಕಾಪುವಿನಿಂದ ಬಂದಿದ್ದ ಭಾವ, ಅಂದರೆ ಕುಶಲಾಳ ಗಂಡ, ಪೆರ್ಡೂರಿಗೆ ಹೋಗಿ ಬರಲು ಸೈಕಲ್ ಕೇಳಿದ್ದ. ಇವನು ಕೊಡಲಿಲ್ಲ, ಮಾತಿಗೆ ಮಾತು ಬೆಳೆಯಿತು. ಸಂಶಯಕ್ಕೆ ಅಷ್ಟು ಸಾಕಾಯಿತು. ಕುಟುಂಬದ ದೈವದ ಮುಂದೆ ನಿಂತು, ಕದ್ದವರು ಯಾರೇ ಇರಲಿ ನೋಡಿಕೋ ಎನ್ನುವ ಬದಲು ಭಾವನ ಹೆಸರು ಹಿಡಿದೇ ದೂರು ಕೊಟ್ಟ. ನಮ್ಮಲ್ಲಿ ಹಾಗೆ ದೂರು ಬಿದ್ದರೆ, ಅದು ಇತ್ಯರ್ಥವಾಗುವವರೆಗೆ ಆ ಎರಡು ಮನೆಯವರು ಪರಸ್ಪರರ ಕೈಯಿಂದ ಒಂದು ಲೋಟ ನೀರನ್ನೂ ಕುಡಿಯುವಂತಿಲ್ಲ.

ಕಳೆದ ಶನಿವಾರ ಪ್ರವಾಸ ಲೇಖಕ ಅನಂತೇಶರನ್ನು ಶಾಲೆಗೆ ಕರೆಸಿದವಳು ನಾನೇ. ಸೈಕಲ್ ತುಳಿದು ಕಾಶ್ಮೀರಕ್ಕೆ ಹೋಗಿ ಬಂದವರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

"ನನ್ನ ಮೊದಲ ಪ್ರಯಾಣ ಹೇಳ್ತೇನೆ. ಮಣಿಪಾಲದಲ್ಲಿ ಕಾಲೇಜು, ಇಲ್ಲೇ ಪರ್ಕಳದಲ್ಲಿ ರೂಮು. ಒಂದು ಬೆಳಿಗ್ಗೆ ಅಂಗಡಿ ಎದುರು ಬೀಗ ಹಾಕದ ಸೈಕಲ್ ಕಂಡಿತು. ಹತ್ತಿದೆ. ಇಳಿದದ್ದು ಗೋಕರ್ಣದಲ್ಲಿ. ವಾಪಸು ತುಳಿಯುವ ಶಕ್ತಿ ಇರಲಿಲ್ಲ, ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದೆ."

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಅಷ್ಟರಲ್ಲಿ ಪರದೆಯ ಮೇಲೆ ಗೋಕರ್ಣದಲ್ಲಿ ತೆಗೆಸಿಕೊಂಡ ಫೋಟೊ ಮೂಡಿತು. ಚೈನ್ ಕವರಿನ ಮೇಲೆ ಹಳದಿ ಅಕ್ಷರ: ಕುಶಲಾ.

ತಿರುಗಿ ನೋಡಿದರೆ ಸರ್ವೋತ್ತಮ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

ಭಾಷಣ ಮುಗಿದ ಮೇಲೆ ಅನಂತೇಶರಿಗೆ ಎಲ್ಲವನ್ನೂ ಹೇಳಿದೆ. ಅವರು ಪೆಚ್ಚಾಗಿ, ಹೊಸ ಸೈಕಲ್ ತೆಗೆದುಕೊಡುತ್ತೇನೆ ಎಂದರು.

"ಸೈಕಲ್ ಬೇಡ ಸರ್," ಎಂದ ಸರ್ವೋತ್ತಮ. "ನೀವು ಕಾಪುವಿಗೆ ಬರಬೇಕು. ಇಲ್ಲಿ ಹೇಳಿದ್ದನ್ನೇ ನನ್ನ ಭಾವನ ಎದುರು ಹೇಳಬೇಕು."

"ಮೂರು ಗಂಟೆಗೆ ಕಾರ್ಕಳದಲ್ಲಿ ಇನ್ನೊಂದು ಕಾರ್ಯಕ್ರಮ ಉಂಟಲ್ಲ."

"ಕಾರ್ಕಳ ಕಾಯಲಿ," ಎಂದೆ. ಅತಿಥಿಯೆಂಬ ಮರ್ಯಾದೆಯೂ ನನಗೆ ಉಳಿದಿರಲಿಲ್ಲ. ನನ್ನ ಕಾರಿನಲ್ಲಿಯೇ ಇಬ್ಬರನ್ನೂ ಕೂರಿಸಿಕೊಂಡು ಹೊರಟೆ.

ಕಾಪುವಿನಲ್ಲಿ ಭಾವ ಜಗಲಿಯಲ್ಲಿ ನಿಂತೇ ಅನಂತೇಶರ ಮಾತನ್ನು ಕೊನೆಯವರೆಗೂ ಕೇಳಿದ. ಸಿಟ್ಟು ಮಾಡಲಿಲ್ಲ.

"ನಾನಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ನಿನಗೆ ಗೊತ್ತಾಗಲಿಕ್ಕೆ ಇವರು ಕಾಶ್ಮೀರಕ್ಕೆ ಹೋಗಿ ಬರಬೇಕಾಯಿತಾ ಮಾರಾಯ?"

ಸರ್ವೋತ್ತಮ ಕೈ ಮುಗಿದ. "ತಪ್ಪಾಯಿತು ಭಾವ. ನಾಳೆಯೇ ದೈವಕ್ಕೆ ತಪ್ಪು ಕಾಣಿಕೆ ಹಾಕಿ ದೂರು ಹಿಂದೆ ತೆಗೆದುಕೊಳ್ಳುತ್ತೇನೆ. ಆಮೇಲೆ ಎಲ್ಲ ಸರಿಯಾಗ್ತದೆ ಅಲ್ವಾ?"

ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ ಕುಶಲಾ ಆಗ ಬಾಯಿ ತೆರೆದಳು. ಸ್ವರ ಏರಿರಲಿಲ್ಲ.

"ಅಮ್ಮ ಸಾಯುವಾಗ ನನ್ನ ಕೈಯಿಂದ ನೀರು ಕೇಳಿದ್ದಳು ಅಣ್ಣ. ಲೋಟವನ್ನು ತುಟಿಯವರೆಗೆ ತಂದಿದ್ದೆ. ನನ್ನ ಕೈ ಹಿಡಿದು ನಿಲ್ಲಿಸಿದವನು ನೀನು."