ಮೂರು ಚಮಚ ಗಂಜಿ

ಮೌಶಿಯ ಬಲಗೈಯ ಎರಡು ಬೆರಳು ಅಪ್ಪನ ಗಂಟಲ ಮೇಲೆ ಹಗುರವಾಗಿ ಕುಳಿತಿರುತ್ತಿದ್ದವು. ಎಡಗೈಯಿಂದ ಒದ್ದೆ ಹತ್ತಿಯನ್ನು ತುಟಿಗೆ ಸವರುತ್ತ, ಗುಟುಕು ಇಳಿಯುವುದನ್ನು ಅವರು ಆ ಬೆರಳುಗಳಲ್ಲೇ ಕಾಯುತ್ತಿದ್ದರು. ಇಳಿದರೆ ಇನ್ನೊಂದು ಹನಿ. ಇಳಿಯದಿದ್ದರೆ ಬಟ್ಟಲನ್ನು ದೂರ ಸರಿಸಿಬಿಡುತ್ತಿದ್ದರು.

ಅಪ್ಪನಿಗೆ ಗಂಟಲಿನ ಕ್ಯಾನ್ಸರ್. ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಯಲ್ಲಿ ನೋವಾಗದಂತೆ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳುಹಿಸಿದ್ದರು. ನಾನು ಸಂಸಾರವನ್ನು ಡೊಂಬಿವಲಿಯಲ್ಲಿ ಬಿಟ್ಟು ಆಂಟಾಪ್ ಹಿಲ್‌ನ ಅಣ್ಣನ ಮನೆಗೆ ಬಂದಿದ್ದೆ. ಇಂಥ ರೋಗಿಗಳನ್ನು ಮನೆಗೇ ಬಂದು ನೋಡುವ ನರ್ಸ್ ಒಬ್ಬರು ವಾರಕ್ಕೆರಡು ಸಲ ಬರುತ್ತಿದ್ದರು. ಹಗಲು ರಾತ್ರಿ ನೋಡಿಕೊಳ್ಳಲು ಈ ಮೌಶಿಯನ್ನು ಗೊತ್ತುಮಾಡಿಕೊಟ್ಟದ್ದೂ ಅವರೇ; ಇಲ್ಲಿ ಆಯಾಗಳನ್ನು ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು.

ಮೌಶಿ ವಿಜಯಪುರದ ಕಡೆಯವರು, ಕಾಲೊನಿಯ ಹಿಂದಿನ ಚಾಳಿನಲ್ಲಿ ಮನೆ. ಯಾರ ಬಾಗಿಲಲ್ಲಾದರೂ ಅವರ ಕಪ್ಪು ರಬ್ಬರ್ ಚಪ್ಪಲಿ ಕಂಡರೆ, ಆ ಮನೆಯಲ್ಲಿ ಕೊನೆಗಾಲ ಬಂತೆಂದು ಅಕ್ಕಪಕ್ಕದವರು ಟಿವಿಯ ಸದ್ದು ತಗ್ಗಿಸುತ್ತಿದ್ದರು. ನಮ್ಮ ಬಾಗಿಲಲ್ಲಿ ಅದು ಬಿದ್ದ ದಿನ ಎದುರುಮನೆಯಾಕೆ ನನ್ನ ಮುಖ ನೋಡದೆ ಒಳಗೆ ಹೋದಳು. ಬೆಳಿಗ್ಗೆ ಎದ್ದೊಡನೆ ಮೌಶಿ ಹೊದಿಕೆ ಸರಿಸಿ ಅಪ್ಪನ ಪಾದಗಳನ್ನು ಹಿಡಿದು, ತಣ್ಣಗಾಗಿವೆಯೇ ಎಂದು ನೋಡುತ್ತಿದ್ದರು. ಏನು ಗೊತ್ತಾಯಿತೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಹಾಗೆಂದು ಅವರು ಮುಖ ಸಿಂಡರಿಸಿಕೊಂಡು ಕೂರುವವರಲ್ಲ. ಅಪ್ಪನಿಗೆ ಹೇಳದೆ ಅವರನ್ನು ಮುಟ್ಟುತ್ತಿರಲಿಲ್ಲ. "ಅಜ್ಜಾರ, ಈಗ ಹೊಳ್ಳಿಸಿ ಮಲಗಿಸ್ತೀನ್ರಿ. ಸಿಟ್ಟಿಗೇಳಬ್ಯಾಡ್ರಿ ಮತ್ತ" ಎನ್ನುತ್ತಿದ್ದರು. ವಾರಗಟ್ಟಲೆ ಯಾರ ಮಾತಿಗೂ ಅಲುಗದ ಅಪ್ಪನ ತುಟಿ ಒಮ್ಮೆ ಆ ಮಾತಿಗೆ ನಕ್ಕದ್ದನ್ನು ನಾನು ಕಂಡಿದ್ದೇನೆ.

ಆದರೆ ನಮ್ಮದು ಉಣಿಸುವವರ ಮನೆ. ಅಪ್ಪ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ನಲವತ್ತು ವರ್ಷ ಅಡುಗೆ ಭಟ್ಟರಾಗಿದ್ದವರು. ನಮ್ಮಲ್ಲಿ ಪ್ರೀತಿಯೂ ಸಿಟ್ಟೂ ತಟ್ಟೆಗೇ ಬೀಳುವುದು. ಅಂಥ ಮನೆಯಲ್ಲಿ ಮೌಶಿ ಗಂಜಿಗೂ ಕಟ್ಟು ಹಾಕಿದ್ದರು. "ಗಂಟಲದಾಗ ದಾರಿ ತಪ್ಪತೈತ್ರಿ, ಉಸರಿನ ಕಡೆ ಹೋಗತೈತಿ." ಹಸಿದಿದ್ದಾರಲ್ಲ ಎಂದು ನಾನು ಗೊಣಗಿದರೆ ಒಂದೇ ಉತ್ತರ: "ಹಸಿವಿ ಅವರದಲ್ರೀ ಅಕ್ಕಾರ, ನಿಮ್ದು." ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಭಾನುವಾರ ವಿಲೆ ಪಾರ್ಲೆಯಿಂದ ಅಪ್ಪನ ತಂಗಿ, ನಮ್ಮ ಅತ್ತೆ, ಬಂದರು. ಜೊತೆಗೆ ಮೂರು ಡಬ್ಬಿ. ಒಂದನ್ನೂ ಬಿಚ್ಚಲು ಮೌಶಿ ಬಿಡಲಿಲ್ಲ. ಹೋಗುವಾಗ ಅತ್ತೆ ಬಾಗಿಲಲ್ಲಿ ನಿಂತು ನನಗೇ ಹೇಳಿದರು: "ಊರಿಗೆಲ್ಲ ಬಡಿಸಿದವನನ್ನು ಉಪವಾಸ ಹಾಕಿ ಕೊಲ್ಲುದಾ ನೀವು? ನೀನೊಂದು ಮಗಳಾ?"

ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ಮರುದಿನ ಮಧ್ಯಾಹ್ನ ಮೌಶಿ ಸ್ನಾನಕ್ಕೆ ಹೋದದ್ದೇ ತಡ, ಕುಚ್ಚಲಕ್ಕಿ ಗಂಜಿಯನ್ನು ನುಣ್ಣಗೆ ಕಿವುಚಿ, ತುಪ್ಪ ಬಿಟ್ಟು ತಂದೆ. ಅಪ್ಪ ತಾವಾಗಿಯೇ ಬಾಯಿ ತೆರೆದರು. ಒಂದು ಚಮಚ. ಎರಡು. ನನಗೆ ಗೆದ್ದಷ್ಟು ಸಂತೋಷ. ಮೂರನೆಯದಕ್ಕೆ ಗಂಟಲಲ್ಲಿ ಗೊಳಗೊಳ ಸದ್ದಾಯಿತು. ಅಪ್ಪನ ಕಣ್ಣು ಅಗಲವಾಗಿ ನನ್ನಲ್ಲೇ ನೆಟ್ಟುಕೊಂಡಿತು.

ಮೌಶಿ ಒದ್ದೆ ಕೂದಲಲ್ಲೇ ಓಡಿಬಂದರು. ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಯಲ್ಲಿದ್ದುದನ್ನು ಒರೆಸಿ ತೆಗೆದರು. ಸಂಜೆಗೆ ಜ್ವರ ಏರಿತು. ಉಸಿರಿನ ಸದ್ದು ಅಡುಗೆಮನೆಯವರೆಗೂ ಕೇಳತೊಡಗಿತು.

ಮರುದಿನ ನರ್ಸ್ ಎದೆಗೆ ಸ್ಟೆತೊಸ್ಕೋಪ್ ಇಟ್ಟು ತಲೆಯೆತ್ತಿದರು. "ಕಿಸ್ನೇ ಖಿಲಾಯಾ?" ಯಾರು ತಿನ್ನಿಸಿದ್ದೆಂದು ಅಣ್ಣನೂ ನಮ್ಮಿಬ್ಬರನ್ನು ನೋಡಿದ. ನಾನು ಬಗ್ಗಿ ಅಪ್ಪನ ಹೊದಿಕೆ ಸರಿಮಾಡತೊಡಗಿದೆ. ಮೌಶಿ ನನ್ನತ್ತ ಒಂದು ಗಳಿಗೆ ನೋಡಿ ಹೇಳಿದರು: "ನಾನಽ ಕೊಟ್ಟೆ. ತಪ್ಪಾತ್ರಿ."

"ಬಸ್! ಅಭೀ ಕೆ ಅಭೀ, ಈಗಿಂದೀಗಲೇ ಹೋಗ್ಲಿ ಅವಳು. ನಮ್ಮ ಅಪ್ಪನನ್ನು ಕೊಂದಳು!" ಎಂದು ಅಣ್ಣ ಕೂಗಾಡಿದ. ಮೌಶಿ ಸೀರೆ, ಬಾಚಣಿಗೆಯನ್ನು ಚೀಲಕ್ಕೆ ತುಂಬಿಕೊಂಡು, ಅಪ್ಪನ ಕಾಲು ಮುಟ್ಟಿ ಹೊರಟರು. ಮೆಟ್ಟಿಲಲ್ಲಿ ಓಡಿಹೋಗಿ ಅವರ ಕೈ ಹಿಡಿದೆ.

"ನಾ ನಾಳಿ ಇನ್ನೊಂದು ಮನಿಗಿ ಹೋಗ್ತೀನ್ರಿ. ನಿಮಗ ಇನ್ನೊಬ್ಬ ಅಣ್ಣ ಎಲ್ಲಿಂದ ಬರಬೇಕು?" ಎಂದರು. "ಒಳಗ ನಡೀರಿ. ಅಜ್ಜಾರ ಬಾಯಿ ಒಣಗಗೊಡಬ್ಯಾಡ್ರಿ."

ಮೂರನೆಯ ದಿನ ಅಪ್ಪ ಹೋದರು. ಗಂಜಿ ಕೊಡದಿದ್ದರೂ ಹೆಚ್ಚು ದಿನವೇನೂ ಇರುತ್ತಿರಲಿಲ್ಲ ಎಂದು ನರ್ಸ್ ಆಮೇಲೆ ನನಗೆ ಹೇಳಿದ್ದುಂಟು. ಅದು ನನ್ನ ಸಮಾಧಾನಕ್ಕಾಯಿತು, ಮೌಶಿಯ ಹೆಸರಿಗೇನೂ ಆಗಲಿಲ್ಲ. ಅಣ್ಣ ಕಾಲೊನಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಆ ಬಳಿಕ ಅಲ್ಲಿ ಯಾರೂ ಅವರನ್ನು ಕರೆಯಲಿಲ್ಲವಂತೆ. ಬೇರೆ ಮನೆಯಿದೆ ಎಂದು ಅವರು ಮೆಟ್ಟಿಲಲ್ಲಿ ಹೇಳಿದ್ದನ್ನು ನಾನು ನನ್ನ ಅನುಕೂಲಕ್ಕೆ ನಂಬಿಕೊಂಡಿದ್ದೆ.

ಕಳೆದ ತಿಂಗಳು ಮೌಶಿ ತೀರಿಕೊಂಡರೆಂದು ನರ್ಸ್ ಫೋನ್ ಮಾಡಿದರು. ಅಪ್ಪನ ಈ ವರ್ಷದ ಶ್ರಾದ್ಧದ ಊಟದ ಹೊತ್ತಿಗೆ ಅಣ್ಣನಿಗೆ ತಿಳಿಸಿದೆ. "ಮಾಡಿದ್ದುಣ್ಣೋ ಮಹರಾಯ" ಎಂದ. ನಾನು ಅವನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿ ಒಳಗೆ ಬಂದೆ. ಆ ಸೌಟನ್ನು ಹಿಡಿದುಕೊಂಡೇ ಅತ್ತುಬಿಟ್ಟೆ.

ಅಣ್ಣನ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಅಣ್ಣನಿಗೆ ಬರುತ್ತದೆ. ನಾನು ಬರೆದ ಇದು ಅಚ್ಚಾದ ದಿನ ಒಂದು ಪ್ರತಿಯನ್ನು ನಾನೇ ಒಯ್ದು ಅವನ ಕೈಗೆ ಕೊಟ್ಟು, ಅವನು ಓದಿ ಮುಗಿಸುವವರೆಗೆ ಅಲ್ಲೇ ಕೂತಿರುತ್ತೇನೆ.