ಸಾಹೇಬರ ಸಾಮಾನಿಗೆ ಸಿಕ್ಕ ದಿಮ್ಮಿ

ಕಾನೂನು ಬರೆಯುವವರಿಗೆ ಒಂದು ಬುದ್ಧಿಮಾತು ಹೇಳುತ್ತೇನೆ, ಅದೂ ಪುಕ್ಕಟೆಯಾಗಿ. ಬರೆಯುವ ಮೊದಲು ಅಡಿಕೆ ಮೂಟೆ ತುಂಬಿದ ಎತ್ತಿನ ಗಾಡಿಯಲ್ಲಿ ಕೂತು ದೇವಿಮನೆ ಘಟ್ಟ ಇಳಿಯಿರಿ. ಕೆಳಗೆ ಮುಟ್ಟಿದ ಮೇಲೆ ಕೈ ನಡುಗುವುದು ನಿಂತರೆ ಆಗ ಲೇಖನಿ ಹಿಡಿಯಿರಿ.

ಸಾವಿರದ ಒಂಬೈನೂರ ಮೂವತ್ತರ ದಶಕದಲ್ಲಿ ಶಿರಸಿಯಲ್ಲಿ ನನ್ನದು ಗಾಡಿ ಬಾಡಿಗೆಯ ವ್ಯಾಪಾರ. ಘಟ್ಟದ ಮೇಲಿನ ಅಡಿಕೆ, ಮೆಣಸು ಕುಮಟೆಯ ಬಂದರಿಗೆ. ಅಲ್ಲಿಂದ ಉಪ್ಪು, ತೆಂಗಿನಕಾಯಿ ಮೇಲಕ್ಕೆ. ಅಪ್ಪ ಬಿಟ್ಟುಹೋದ ಆಸ್ತಿ ಎಂದು ನನಗೆ ಏನೂ ಇರಲಿಲ್ಲ. ಪರರ ಗಾಡಿಯ ಹಿಂದೆ ನಡೆದು ನಡೆದೇ ಗಾಡಿಯ ಧಣಿಯಾದವನು ನಾನು. ಆ ಪರರಲ್ಲಿ ಮೊದಲನೆಯವರು ನಮ್ಮ ಓಣಿಯ ಒಬ್ಬ ಮುದುಕರು. ನೆಂಟರಲ್ಲ, ಆದರೂ ಚಾಚಾ ಎನ್ನುತ್ತಿದ್ದೆ. ಎತ್ತಿನ ಬೆನ್ನ ಮೇಲೆ ಅಂಗೈ ಇಟ್ಟು ಅದು ದಣಿದಿದೆಯೋ ಸೋಗು ಹಾಕುತ್ತಿದೆಯೋ ತಿಳಿಯುವುದನ್ನು ಕಲಿಸಿದವರು ಅವರೇ. ನನಗೆ ನಾಲ್ಕಾರು ಗಾಡಿ ಆದ ಮೇಲೂ ಅವರಿಗೆ ಇದ್ದದ್ದು ಒಂದು ಗಾಡಿ, ಒಂದು ಜೋಡಿ ಎತ್ತು. ಬಲದ ಎತ್ತಿಗೆ ವಯಸ್ಸಾಗಿತ್ತು. ಮಾರಿ ಬೇರೆ ಕಟ್ಟಿ ಎಂದರೆ, "ನನಗೂ ವಯಸ್ಸಾಯ್ತು ಬೇಟಾ, ನನ್ನನ್ನ ಯಾರಿಗೆ ಮಾರ್ತೀಯಾ?" ಎಂದು ನಗುತ್ತಿದ್ದರು.

ಘಟ್ಟ ಇಳಿಯುವಾಗ ಗಾಡಿಯ ಭಾರವೆಲ್ಲ ಎತ್ತಿನ ಕುತ್ತಿಗೆಗೆ ನುಗ್ಗಿ ಬರುತ್ತದೆ. ಅದನ್ನು ತಡೆಯಲು ನಮ್ಮ ಹಿರಿಯರ ಕಾಲದಿಂದ ಒಂದು ಉಪಾಯವಿತ್ತು. ಘಟ್ಟದ ತಲೆಯಲ್ಲಿ ಅಲ್ಲೇ ಕಾಡಿನಿಂದ ಕಡಿದ ಒಂದು ಮರದ ದಿಮ್ಮಿಯನ್ನು ಸರಪಳಿಯಿಂದ ಗಾಡಿಯ ಹಿಂಬದಿಗೆ ಕಟ್ಟುವುದು. ಗಾಡಿ ಮುಂದೆ ಓಡಲು ನೋಡಿದರೆ ದಿಮ್ಮಿ ನೆಲ ಕಚ್ಚಿ ಹಿಂದಕ್ಕೆ ಜಗ್ಗುತ್ತದೆ. ಬುಡ ಮುಟ್ಟಿದ ಮೇಲೆ ಬಿಚ್ಚಿ ರಸ್ತೆ ಬದಿಗೆ ಉರುಳಿಸಿ ಮುಂದೆ ಹೋಗುವುದು. ಇಷ್ಟೇ. ಯಲ್ಲಾಪುರದವರು ಅರಬೈಲು ಘಟ್ಟದಲ್ಲೂ ಹೀಗೇ ಇಳಿಯುತ್ತಿದ್ದರು.

ಆ ವರ್ಷ ಘಟ್ಟದ ತಲೆಯಲ್ಲಿ ಕಾಡಿನ ಖಾತೆಯವರು ಬರುವ ಹೋಗುವ ಗಾಡಿ ತಡೆದು ನೋಡಲು ಒಂದು ನಾಕೆ ಹಾಕಿದರು. ಪಾಸಿಲ್ಲದೆ ಒಂದು ತುಂಡು ಮರವೂ ನಾಕೆ ದಾಟಬಾರದು ಎಂದು ಹುಕುಂ. ಕಳ್ಳ ನಾಟಾ, ಎಂದರೆ ಕದ್ದು ಕಡಿದ ಮರ, ತಡೆಯಲು ಮಾಡಿದ ಕಾನೂನು. ಅದನ್ನು ನಾನೂ ತಪ್ಪು ಎನ್ನುವುದಿಲ್ಲ. ಆದರೆ ಕಳ್ಳ ನಾಟಾ ರಾತ್ರಿ ಬೇರೆ ದಾರಿಯಲ್ಲಿ ಇಳಿಯುತ್ತಿತ್ತು. ಹಗಲು ಹೊತ್ತು ನಾಕೆಯಲ್ಲಿ ಸಿಕ್ಕಿಬಿದ್ದದ್ದು ನಮ್ಮ ದಿಮ್ಮಿ.

ನಾಕೆಯ ಗಾರ್ಡು ಹಾವೇರಿ ಕಡೆಯವನು. ಕೆಟ್ಟವನಲ್ಲ, ಹೆದರುಪುಕ್ಕಲ. "ಬಿಚ್ಚರಿ ಅದನ್ನ. ಪಾಸ್ ಇಲ್ಲಂದ್ರ ಬಿಡಂಗಿಲ್ಲ. ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ," ಎಂದ.

ಪಾಸು ಕೇಳಲು ಶಿರಸಿಯ ಕಚೇರಿಗೆ ಹೋದೆ. ಗುಮಾಸ್ತರು ತಲೆಯೆತ್ತದೆ ಕೇಳಿದರು: "ಎಂತಕ್ಕೆ? ಮನೆ ಕಟ್ಟೂಕಾ, ನೇಗಿಲಿಗಾ, ಸೌದೆಗಾ?"

"ಎಳೆಯೂಕೆ."

"ಎಳೆಯೂಕೆ ಅಂತ ಇಲ್ಲ."

"ಹಾಗಾರೆ ಸೌದೆ ಅಂತ ಬರ್ಕಳಿ."

"ಸೌದೆ ಆದ್ರೆ ಮನೆ ಮುಟ್ಟಬೇಕು. ರಸ್ತೆ ಬದಿಗೆ ಬಿಟ್ಟು ಹೋದ್ರೆ ಅದು ಸೌದೆ ಆಗ್ತದನಾ? ಪಾಸಲ್ಲಿದ್ದ ಸೌದೆ ಎಲ್ಲಿ ಅಂತ ಕುಮಟೆ ನಾಕೆಯವ ಹಿಡೀತ."

ಎದ್ದು ಬಂದೆ. ಬಾಯಿ ಬಿಟ್ಟರೆ ಬೈಗುಳ ಬರುತ್ತಿತ್ತು.

ನಾನು ಚೌಕಾಶಿಯಿಂದ ಅನ್ನ ಉಂಡವನು. ಎದುರಿನವನಿಗೂ ಲಾಭ ಕಾಣುವ ಮಾತು ಹುಡುಕದೆ ನಾನು ಯಾವ ಬಾಗಿಲೂ ತಟ್ಟುವವನಲ್ಲ. ನಿಮಗೂ ಅದನ್ನೇ ಹೇಳುತ್ತೇನೆ. ಕಾಡಿನ ಖಾತೆಯ ಸಾಹೇಬರು ಶಿರಸಿಯ ಬಂಗಲೆಯಲ್ಲಿ ಮುಕ್ಕಾಂ ಹೂಡಿದಾಗ ಹೋಗಿ ಕೈಮುಗಿದು ಹೇಳಿದೆ: ಘಟ್ಟದ ಬುಡದಲ್ಲಿ ಹಳೆಯ ದಿಮ್ಮಿಗಳು ರಾಶಿ ಬಿದ್ದಿವೆ. ಕುಮಟೆಯಿಂದ ಹಗುರಾಗಿ ಬರುವ ಗಾಡಿಯವರು ಒಂದೊಂದನ್ನು ಹೇರಿಕೊಂಡು ಬಂದು ನಾಕೆಯ ಪಕ್ಕ ಪೇರಿಸುತ್ತೇವೆ. ನೀವು ಅವಕ್ಕೆ ಒಮ್ಮೆ ಸರ್ಕಾರದ ಮುದ್ರೆ ಒತ್ತಿಸಿ. ಅವೇ ಇಳಿಯಲಿ, ಅವೇ ಹತ್ತಲಿ. ಹೊಸ ಮರ ಒಂದೂ ಬೀಳುವುದಿಲ್ಲ. ನಿಮ್ಮ ಕಾಡು ಉಳಿಯುತ್ತದೆ, ನಮ್ಮ ಎತ್ತುಗಳು ಉಳಿಯುತ್ತವೆ.

ಸಾಹೇಬರು ಪುಣೆ ಕಡೆಯವರು. "ಛಾನ್!" ಎಂದು ಮರಾಠಿಯಲ್ಲಿ ಮೆಚ್ಚಿದರು. "ಮೊದಲು ರಾಶಿ ಮಾಡಿ. ಮುದ್ರೆಗೆ ಹೇಳುತ್ತೇನೆ."

ಅವರ ಮಾತು ನಂಬಿದೆ. ಗಾಡಿಯವರನ್ನು ಒಪ್ಪಿಸಲು ಪಟ್ಟ ಪಾಡು ನನಗೆ ಗೊತ್ತು. "ಎತ್ತು ಹತ್ತುವುದೇ ಕಷ್ಟ, ಅದರ ಮೇಲೆ ನಿನ್ನ ದಿಮ್ಮಿ ಬೇರೆ," ಎಂದು ಸಿದ್ದಾಪುರದವರು ಜಗಳಕ್ಕೇ ನಿಂತರು. ಎಲ್ಲರಿಗಿಂತ ಮೊದಲು ದಿಮ್ಮಿ ಹೇರಿಕೊಂಡು ಬಂದವರು ಚಾಚಾ. ಮುದಿ ಎತ್ತಿಗೆ ಭಾರವಾಗಬಾರದೆಂದು ಏರಿನಲ್ಲಿ ತಾವೇ ಹಿಂದಿನಿಂದ ಗಾಡಿಗೆ ಹೆಗಲು ಕೊಟ್ಟಿದ್ದರು. ಅದನ್ನು ಕಂಡು ಉಳಿದವರೂ ತಂದರು. ನಾಕೆಯ ಪಕ್ಕ ಅಚ್ಚುಕಟ್ಟಾಗಿ ರಾಶಿ ನಿಂತಿತು.

ಮುದ್ರೆ ಬಿತ್ತು. ಹೌದು, ಬಿತ್ತು. ಗಾರ್ಡು ಸುತ್ತಿಗೆ ತಂದು ಒಂದೊಂದರ ತಲೆಗೂ ಠಣ್ಣನೆ ಒತ್ತಿದ. ಮರುದಿನ ಖಾತೆಯ ಗಾಡಿಗಳು ಬಂದು ರಾಶಿಯನ್ನೆಲ್ಲ ಡಿಪೋಕ್ಕೆ ಹೊತ್ತುಕೊಂಡು ಹೋದವು. ವಾರಸುದಾರರಿಲ್ಲದ ಸರ್ಕಾರಿ ಮಾಲು, ಹರಾಜಿಗೆ! ನಮ್ಮ ಎತ್ತು ಹೊತ್ತು ತಂದದ್ದನ್ನು ನಮ್ಮ ಕಣ್ಣೆದುರೇ ಒಯ್ದರು. ಕೇಳಿದರೆ, "ಮುದ್ರಿ ಬಿದ್ದ ಮ್ಯಾಲೆ ಅದು ಸರ್ಕಾರದ್ದು ಆತಲ್ರಿ. ಮುದ್ರಿ ಕೇಳಿದವ್ರು ನೀವ ಅಲ್ಲೇನ್ರಿ?" ಎಂದ ಗಾರ್ಡು. ಈಗ ನೆನೆದರೂ ಹಲ್ಲು ಕಡಿಯುತ್ತೇನೆ. ಮರ ಕಡಿಯಬೇಡಿ ಎಂದರೆ ಮರ ಕಡಿಯದೆ ಇರುವ ದಾರಿ ತೋರಿಸಿದೆವು. ಆ ದಾರಿಗೇ ಬೇಲಿ ಹಾಕಿದರು.

ಅರ್ಜಿ ಬರೆಸೋಣ ಎಂದು ಮತ್ತಿಘಟ್ಟದ ಕಡೆಯ ಒಬ್ಬ ತೋಟದ ಒಡೆಯರ ಬಳಿ ಹೋದೆ. ಚಾಚಾ ಆ ಸಲ ಹೇರಬೇಕಿದ್ದದ್ದು ಅವರದೇ ಅಡಿಕೆ. ಚಳವಳಿಯಲ್ಲಿ ಕರ ಕೊಡದವರ ಜಮೀನು ಜಪ್ತಿಯಾದದ್ದನ್ನು ಕಣ್ಣಾರೆ ಕಂಡ ಜನ. ಸರ್ಕಾರಕ್ಕೆ ಕಾಗದ ಬರೆಯುವುದೆಂದರೆ ಹಿಂದೆ ಸರಿಯುತ್ತಿದ್ದರು.

"ಆನು ಸಹಿ ಹಾಕ್ತ್ನಿಲ್ಲೆ," ಎಂದು ಮನೆಮಾತಿನಲ್ಲೇ ಅಂದುಬಿಟ್ಟರು. ಆಮೇಲೆ ಸಾವರಿಸಿಕೊಂಡು, "ಸಾಬ್ರೆ, ನನ್ನ ತೋಟ ಹೋದ್ರೆ ನೀವು ಕೊಡ್ತ್ರಾ? ಮಳೆ ಹಿಡಿದ್ರೆ ಬಂದರು ಮುಚ್ತು. ಅದ್ರೊಳಗೆ ಅಡಿಕೆ ಕುಮಟೆ ಮುಟ್ಟಲಿ ಮಾರಾಯ್ರಾ, ಎಂತಾದ್ರೂ ಮಾಡಿ."

ಎಂತಾದರೂ ಮಾಡಿ. ಈ ಮಾತನ್ನು ಎಲ್ಲರೂ ಗಾಡಿಯವನಿಗೇ ಹೇಳುತ್ತಾರೆ, ಸರ್ಕಾರಕ್ಕೆ ಹೇಳುವ ಧೈರ್ಯ ಯಾರಿಗೂ ಇಲ್ಲ.

ದಿಮ್ಮಿ ಇಲ್ಲದೆ ಇಳಿಯಲು ಇನ್ನೊಂದು ದಾರಿ ಇತ್ತು: ಒಂದು ಗಾಲಿಗೆ ಸರಪಳಿ ಬಿಗಿದು ತಿರುಗದಂತೆ ಮಾಡುವುದು. ಸಣ್ಣ ಇಳಿಜಾರಿಗೆ ನಡೆಯುತ್ತದೆ. ಘಟ್ಟಕ್ಕೆ ಸಾಲದು ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಬೇಡ ಎಂದೆ, ನಾಲ್ಕು ದಿನ ತಡೆಯಿರಿ, ಮತ್ತೊಮ್ಮೆ ಸಾಹೇಬರನ್ನು ಕಾಣುತ್ತೇನೆ ಎಂದೆ.

"ಮಳೆ ತಡೀತದಾ?" ಎಂದರು ಚಾಚಾ. "ಈ ಬಾಡಿಗೆ ತಪ್ಪಿದ್ರೆ ಮಳೆಗಾಲ ಇಡೀ ಎತ್ತಿಗೆ ಹಿಂಡಿ ಎಲ್ಲಿಂದ? ಅವಕ್ಕೆ ಕಾನೂನು ತಿನ್ನಿಸ್ಲಾ?"

ಅವರ ಗಾಡಿ ಮುಂದೆ, ನನ್ನದು ಹಿಂದೆ. ಅರ್ಧ ಘಟ್ಟ ಇಳಿದಿರಬೇಕು. ತಿರುವಿನಲ್ಲಿ ಸರಪಳಿ ತುಂಡಾದ ಸದ್ದು ನನಗೆ ಕೇಳಿಸಿತು. ಕೂಡಲೇ ಗಾಲಿ ಉರುಳಿತು. ಎಡಕ್ಕೆ ಕಣಿವೆ, ಬಲಕ್ಕೆ ಗುಡ್ಡ. ಚಾಚಾ ಮೈಭಾರವೆಲ್ಲ ಹಾಕಿ ಹಗ್ಗವನ್ನು ಬಲಕ್ಕೆ ಎಳೆದರು. ಬೇರೆ ಯಾರಾದರೂ ಹಾರಿ ಜೀವ ಉಳಿಸಿಕೊಳ್ಳುತ್ತಿದ್ದರು, ಗಾಡಿ ಕಣಿವೆಗೆ ಹೋಗುತ್ತಿತ್ತು. ಅವರು ಹಾರಲಿಲ್ಲ. ಗಾಡಿ ಗುಡ್ಡಕ್ಕೆ ಅಪ್ಪಳಿಸಿ ನಿಂತಿತು. ಎಡದ ಎತ್ತು ಉಳಿಯಿತು. ಬಲದ್ದು ಗುಡ್ಡಕ್ಕೂ ನೊಗಕ್ಕೂ ನಡುವೆ ಸಿಕ್ಕಿತು.

ನಾನು ಓಡಿ ಹೋಗುವಷ್ಟರಲ್ಲಿ ಚಾಚಾ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ತಮ್ಮ ಹಣೆಯಿಂದ ನೆತ್ತರು ಸುರಿಯುತ್ತಿದ್ದದ್ದು ಅವರಿಗೆ ತಿಳಿದಿರಲಿಲ್ಲ. "ಎಳೆದೆ ಬೇಟಾ, ನಾನೇ ಇವನ ಕಡೆಗೆ ಎಳೆದೆ," ಎಂದರು. ಎತ್ತಿನ ಉಸಿರು ಆಗಲೇ ನಿಂತಿತ್ತು.

ನೊಗ ಕಟ್ಟುವ ಮೂಕಿ ಮುರಿದಿತ್ತು, ಗಾಲಿ ಒಡೆದಿತ್ತು, ಎರಡೂ ದುರಸ್ತಿಗೆ ಶಿರಸಿಗೆ ಹೋಗಬೇಕು. ನನ್ನ ಗಾಡಿಯಲ್ಲಿ ಹೇರಿಕೊಂಡು ನಾಕೆಗೆ ಬಂದರೆ ಗಾರ್ಡು ಅಡ್ಡ ನಿಂತ. ಮುಖ ನೆಲಕ್ಕೆ ಹಾಕಿಕೊಂಡೇ ಹೇಳಿದ: "ಮುರಿದ ಮ್ಯಾಲೆ ಅದು ಗಾಡಿ ಅಲ್ರಿ, ಕಟಗಿ. ಕಟಗಿಗೆ ಪಾಸ್ ಬೇಕು."

ಅಂದು ನಾನು ಕೈ ಎತ್ತಿಬಿಡುತ್ತಿದ್ದೆ. ಚಾಚಾ ನನ್ನ ರಟ್ಟೆ ಹಿಡಿದರು. ಅವರ ಗಾಡಿಯ ಮೂಕಿ ಮತ್ತು ಗಾಲಿ ನಾಕೆಯ ಮುಂದೆ ಬಿಸಿಲಿನಲ್ಲಿ ಬಿದ್ದವು.

ಹೆಚ್ಚು ದಿನ ಆಗಿರಲಿಲ್ಲ. ಅದೇ ಸಾಹೇಬರ ಮುಕ್ಕಾಂ ಕುಮಟೆಗೆ ಎದ್ದಿತು. ಅವರು ಮೋಟಾರಿನಲ್ಲಿ ಮುಂದೆ ಹೋದರು. ಸಾಮಾನಿಗೆ ನಮ್ಮ ಗಾಡಿಗಳನ್ನು ಹಿಡಿಸಿದರು. ಡೇರೆ, ಬೆತ್ತದ ಕುರ್ಚಿ, ಪಿಂಗಾಣಿ ತಟ್ಟೆಗಳ ಪೆಟ್ಟಿಗೆ, ಸಾಹೇಬರ ಹೆಂಡತಿ ಬಾಯಿಸಾಹೇಬರ ಆಳೆತ್ತರದ ಕನ್ನಡಿ. ಬೇರೆಯವರು ತಪ್ಪಿಸಿಕೊಳ್ಳಲು ನೋಡಿದರು. ನಾನೇ ಮುಂದೆ ಬಿದ್ದು ಒಪ್ಪಿಕೊಂಡೆ. ನಾಕೆಗೆ ಬಂದವನೇ ಎತ್ತು ಬಿಚ್ಚಿಸಿ, ಬೀಡಿ ಹಚ್ಚಿ ಕೂತೆ.

ಗಾರ್ಡು ಓಡಿ ಬಂದ. "ಯಾಕ್ರಿ ನಿಂತ್ರಿ? ಸಂಜಿ ಒಳಗ ಸಾಮಾನು ಮುಟ್ಟಬೇಕು."

"ಕಾನೂನು ಪಾಲಿಸ್ತಾ ಇದ್ದೇವೆ ಗಾರ್ಡ್ ಸಾಹೇಬ್ರೆ. ದಿಮ್ಮಿ ಇಲ್ಲ, ಇಳಿಯೂಕೆ ಆಗೂದಿಲ್ಲ."

"ಸರಪಳಿ ಹಾಕಿ ಇಳಸ್ರಿ."

"ಸರಪಳಿ ತುಂಡಾಗಿದ್ದು ನಿಮಗೂ ಗೊತ್ತುಂಟಲ. ಒಂದು ಕೆಲಸ ಮಾಡ್ವ. ನೀವು ಆ ಕನ್ನಡಿ ಹಿಡ್ಕಂಡು ಮುಂದೆ ಕೂತ್ಕಳಿ. ಒಡೆದ್ರೆ ಸಾಹೇಬ್ರಿಗೆ ನೀವೇ ಹೇಳಿ."

ಗಾಡಿಯವರು ನಕ್ಕರು. "ನಿನ್ನ ಮೋರೆ ನೋಡಿಕೊಳ್ಳೂಕೂ ಆಯ್ತು ಮಾರಾಯಾ!" ಎಂದ ಒಬ್ಬ. ಗಾರ್ಡು ಬಿಸಿಲನ್ನು ನೋಡಿದ, ಕನ್ನಡಿಯನ್ನು ನೋಡಿದ. ನಾಕೆಯ ಗುಡಿಸಲಿಗೆ ಹೋಗಿ ಕೊಡಲಿ ತಂದು ಕಾಡಿಗೆ ನುಗ್ಗಿದ. ಪಾಸು ಕೇಳುವವನೇ ಮರ ಕಡಿಯುವ ಸದ್ದನ್ನು ನಾವು ಕೂತಲ್ಲೇ ಕೇಳಿದೆವು. ಬಹಳ ಹೊತ್ತಾದ ಮೇಲೆ ಬೆವರು ಸುರಿಸುತ್ತ ದಿಮ್ಮಿಯೊಂದನ್ನು ಎಳೆದು ತಂದ.

ಬಯಲುಸೀಮೆಯವನು, ಮರದ ಗುರುತಿಲ್ಲ. ಕಡಿದದ್ದು ಬೀಟೆ! ಯಾರೂ ಮುಟ್ಟಕೂಡದೆಂದು ಸರ್ಕಾರ ಕಾಯ್ದಿರಿಸಿದ ಮರ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತಟ್ಟೆಗೆ, ಕನ್ನಡಿಗೆ ಬೀಟೆಯ ದಿಮ್ಮಿ. ಚಾಚಾರ ಎತ್ತಿಗೆ ರಸ್ತೆ ಬದಿಯ ಕಾಡುಮರದ ಹಳೆ ತುಂಡೂ ಇರಲಿಲ್ಲ. ಆದರೆ ಎದುರಿನವನ ಜುಟ್ಟು ಕೈಗೆ ಸಿಕ್ಕಾಗ ಕೂಗಾಡುವವನು ವ್ಯಾಪಾರಿಯಲ್ಲ. ಅವನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದೆ:

"ಇದು ಬೀಟೆ. ಪಾಸು ಎಲ್ಲಿ?"

ಅವನು ಕೊಡಲಿಯನ್ನು ಬೆನ್ನ ಹಿಂದೆ ಸರಿಸಿದ. "ಏನ್ ಬೇಕ್ರಿ ನಿಮಗ?"

"ಈ ದಿಮ್ಮಿ ಕೆಳಗೆ ಹೋಗ್ತದೆ, ತಿರುಗಿ ಮೇಲೆ ಬರ್ತದೆ. ಇದರ ಜೊತೆಗೆ ಬೇರೆ ಕೆಲವೂ ಬರ್ತವೆ. ನೀವು ಮುಟ್ಟೂದಿಲ್ಲ, ಡಿಪೋದವರಿಗೆ ಹೇಳೂದಿಲ್ಲ. ಆ ಮೂಕಿ, ಗಾಲಿ ಇವತ್ತೇ ಶಿರಸಿಗೆ ಹೋಗ್ತವೆ."

"ಆತ್ರಿ," ಎಂದ. ಕಣ್ಣಲ್ಲಿ ನೀರಿತ್ತು. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟು ಇದ್ದದ್ದು ಪಿಂಗಾಣಿ ತಟ್ಟೆಯ ಮೇಲೆ ಊಟ ಮಾಡುತ್ತ "ಛಾನ್" ಎಂದವರ ಮೇಲೆ.

ಜನ ನನ್ನನ್ನು ಹೊಗಳಿದರು. ನನಗೆ ಅದು ಹಿಡಿಸಲಿಲ್ಲ, ಇವತ್ತಿಗೂ ಹಿಡಿಸುವುದಿಲ್ಲ. ಪೇಟೆಯಲ್ಲಿ ಚೌಕಾಶಿ ಮಾಡುವುದು ಸರಿ. ಅದು ಇಬ್ಬರ ಲಾಭದ ಆಟ. ಸರ್ಕಾರದ ಜೊತೆಗೂ ಹಾಗೆಯೇ ಮಾಡಬೇಕಾದರೆ, ಜುಟ್ಟು ಹಿಡಿಯಲು ಬಾರದವನು ಎಲ್ಲಿಗೆ ಹೋಗಬೇಕು? ಕಾನೂನು ಹಾಗೆಯೇ ಉಳಿಯಿತು. ಗಾರ್ಡಿನ ವರ್ಗವಾದರೆ ಹೊಸಬನ ಜೊತೆ ಮೊದಲಿನಿಂದ ಶುರು. ಆಗ ನಮ್ಮ ಸೀಮೆ ಮುಂಬೈ ಸರ್ಕಾರದ ಕೈಯಲ್ಲಿತ್ತು. ಮತ ಕೇಳಲು ಬಂದ ಬಿಳಿ ಟೋಪಿಯವರೊಬ್ಬರಿಗೆ ಹೇಳಿದೆ: ಮುಂಬೈಯಲ್ಲಿ ಕೂತು ಘಟ್ಟದ ಕಾನೂನು ಮಾಡುವ ಮೊದಲು ಘಟ್ಟದಲ್ಲಿ ದುಡಿಯುವವನನ್ನು ಒಂದು ಮಾತು ಕೇಳಿ, ಅಷ್ಟು ಸಾಕು. ಇದು ಚಿಕ್ಕ ಸಂಗತಿ, ಸ್ವರಾಜ್ಯ ಬರಲಿ, ಎಲ್ಲ ಸರಿಹೋಗುತ್ತದೆ ಎಂದರು. ಬರಲಿ. ಆದರೆ ಈ ಘಟ್ಟವನ್ನು ಗಾಡಿಯಲ್ಲಿ ಇಳಿದೇ ಬರಲಿ ಎಂದೆ.

ಚಾಚಾರಿಗೆ ನನ್ನ ಒಂದು ಎತ್ತು ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ಉಳಿದ ಎತ್ತನ್ನು ಗೊತ್ತಿದ್ದವರಿಗೆ ಕೊಟ್ಟುಬಿಟ್ಟರು, ಗಾಡಿಯ ದುರಸ್ತಿ ಮಾಡಿಸಿದರೂ ಮತ್ತೆ ಹೂಡಲಿಲ್ಲ. ಆ ಬೀಟೆಯ ದಿಮ್ಮಿ ಮಾತ್ರ ಎಷ್ಟೋ ಕಾಲ ಇಳಿಯಿತು, ಹತ್ತಿತು. ಗಾಡಿಯವರೆಲ್ಲ ಅದನ್ನು ಸಾಹೇಬರ ದಿಮ್ಮಿ ಎಂದರು. ಚಾಚಾ ಹಾಗೆ ಕರೆಯಲಿಲ್ಲ. ಅದಕ್ಕೆ ಅವರು ತಮ್ಮ ಬಲದ ಎತ್ತಿನ ಹೆಸರು ಇಟ್ಟಿದ್ದರು. ನನ್ನ ಗಾಡಿ ಓಣಿಯಿಂದ ಹೊರಟಾಗಲೆಲ್ಲ ಜಗುಲಿಯಿಂದ ಆ ಹೆಸರು ಹಿಡಿದು ಕೂಗುತ್ತಿದ್ದರು: "ಇಳಿಯೂಕೆ ಮೊದಲು ಅವನನ್ನ ಸರಿಯಾಗಿ ಕಟ್ಟಿಕೋ ಬೇಟಾ. ಮರೀಬೇಡ."