ಮಾಲೆ ತೆಗೆದದ್ದು ಯಾವಾಗ

ಮುಂಬಯಿ ಬಳಿಯ ವಿಠ್ಠಲವಾಡಿಯ ಮನೆಗೆ ಹೋದಾಗಲೆಲ್ಲ ಅಕ್ಕ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾಳೆ.

ಅಕ್ಕನ ಗಂಡ, ನನ್ನ ಮಾಮಾ, ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಕುಡಿತದಿಂದ ಕೆಲಸ ಹೋಯಿತು, ಲಿವರ್ ಕೆಟ್ಟಿತು. ಇನ್ನು ಕುಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಪಂಢರಪುರಕ್ಕೆ ಹೋಗಿ ತುಳಸಿಮಾಲೆ ಹಾಕಿಸಿಕೊಂಡು ಬಂದರು. ಕೊರಳಲ್ಲಿ ಮಾಲೆ ಇದ್ದವನು ಹೆಂಡ ಮುಟ್ಟುವಂತಿಲ್ಲ. ವಿಜ್ಞಾನ ಓದಿದ ನಾನು ಆ ಮಣಿಗಳನ್ನು ನಂಬಲಿಲ್ಲ. ಆದರೂ ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಕುಡಿಯಲಿಲ್ಲ.

ಆಗ ಖಾರಘರದಲ್ಲಿದ್ದ ನನ್ನ ಹಳೆಯ ಸಹೋದ್ಯೋಗಿ, ಬೆಂಗಳೂರಿನವನು, ಐಟಿ ಕೆಲಸ ಬಿಟ್ಟು ತಳೋಜಾ ಕಡೆ ಒಂದು ಶೆಡ್ಡಿನಲ್ಲಿ ಜಿನ್ ಎಂಬ ಮದ್ಯ ತಯಾರಿಸತೊಡಗಿದ್ದ. ಬಾಯ್ಲರ್ ಗೊತ್ತಿದ್ದವರು ಅವನಿಗೆ ಬೇಕಿತ್ತು. ನಾನು ಹಿಂಜರಿದೆ. ಬೇರೆಲ್ಲೂ ಕೆಲಸ ಸಿಗದೆ ಬೇಸತ್ತಿದ್ದ ಅಕ್ಕನೇ ಒತ್ತಾಯಿಸಿದಳು.

"ಕೊಳ್ಳಾಗ ಮಾಲಿ ಐತಿ. ಕರಕೊಂಡು ಹೋಗು, ತಮ್ಮಾ."

ಥಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿದೆವು. ಮಾಮಾನಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು ಎಂದು ನೆನಪು. ಬೆಳಗಿನ ನೂಕುನುಗ್ಗಲಿನ ಲೋಕಲ್‌ನಲ್ಲಿ ಅದು ಸಾಧ್ಯವೇ, ಗೊತ್ತಿಲ್ಲ. ಶೆಡ್ಡಿನ ನಡುವೆ ಭಾರಿ ತಾಮ್ರದ ಹಂಡೆ, ಅದರ ನೆತ್ತಿಯಿಂದ ಬಾಗಿದ ಕೊಳವೆ. ಮಾಮಾ ಬಾಯ್ಲರ್ ಸುತ್ತ ಒಂದು ಸುತ್ತು ಬಂದರು, ಏನೇನೋ ಕೇಳಿದರು. ಗೆಳೆಯನಿಗೆ ಒಪ್ಪಿಗೆಯಾಯಿತು. ಆಮೇಲೆ, ಬಂದವರೆಲ್ಲರಿಗೂ ಮಾಡುವಂತೆ, ಅವನು ಸಣ್ಣ ಸೀಸೆ ತಂದ.

"ಕುಡಿಯೋದೇನೂ ಬೇಡ ಸರ್. ಅಂಗೈಲಿ ನಾಲ್ಕು ಹನಿ ಉಜ್ಜಿ ಮೂಸಿ ನೋಡಿ."

ಇಲ್ಲಿಂದ ಮುಂದಿನದು ನನಗೆ ಎರಡು ಥರ ಕಾಣುತ್ತದೆ. ಒಂದರಲ್ಲಿ ಮಾಮಾ ಮೊದಲು ಮಾಲೆ ತೆಗೆದು ಅಂಗಿಯ ಜೇಬಿಗೆ ಇಳಿಸಿ, ಆಮೇಲೆ ಕೈ ಚಾಚುತ್ತಾರೆ. ಇನ್ನೊಂದರಲ್ಲಿ ಮೊದಲು ಮೂಸುತ್ತಾರೆ, ಕಣ್ಣು ಮುಚ್ಚಿಕೊಳ್ಳುತ್ತಾರೆ, ಆಮೇಲೆ ಕೈ ಕೊರಳಿಗೆ ಹೋಗುತ್ತದೆ. ಮಾತು ಮಾತ್ರ ಒಂದೇ. "ಬರೇ ವಾಸನಿ, ತಮ್ಮಾ. ವಿಠ್ಠಲಗ್ಯಾಕ ತೋರಸೂದು?" ನಾವು ಮೂವರೂ ನಕ್ಕೆವು.

ಅವತ್ತು ಅವರು ಕುಡಿಯಲಿಲ್ಲ. ಮಾಲೆ ಮಾತ್ರ ಜೇಬಿನಿಂದ ಕೊರಳಿಗೆ ಮರಳಲಿಲ್ಲ. ಆ ಕೆಲಸಕ್ಕೂ ಅವರು ಹೋಗಲಿಲ್ಲ. ವಾರದೊಳಗೆ ಸ್ಟೇಷನ್ ಹಿಂದಿನ ದೇಶಿ ದಾರು ಅಂಗಡಿಯಲ್ಲಿ ಸಾರಾಯಿ ಕುಡಿಯುತ್ತ ಕಂಡರು. ಮುಂದಿನ ಮಳೆಗಾಲಕ್ಕೆ ಇರಲಿಲ್ಲ.

"ಮೊದಲ ಮಾಲಿ ತಗದ್ರೋ, ಮೊದಲ ಮೂಸಿದ್ರೋ?" ಇದು ಅಕ್ಕನ ಪ್ರಶ್ನೆ.

ಒಮ್ಮೆ, ಮಾಲೆ ಇರುವಾಗ ಅವರು ವ್ರತ ಮುರಿಯಲಿಲ್ಲವೆಂದು ಅವಳಿಗೆ ಸಮಾಧಾನವಾಗಲಿ ಎಂದು, ಮೊದಲು ಮಾಲೆ ತೆಗೆದರು ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಾಗಾದರೆ ಮನೆಯಿಂದ ಹೊರಡುವಾಗಲೇ ಅವರ ಮನಸ್ಸು ಅಲ್ಲಿತ್ತು, ವರ್ಷವಿಡೀ ಇದ್ದದ್ದು ಬರೀ ಮಣಿ ಎಂದಳು. ಮತ್ತೊಮ್ಮೆ, ಮೊದಲು ಮೂಸಿದರು ಎಂದೆ.

"ಹಂಗಾದ್ರ ನಾನ ಕಳಿಸಿ ಕೊಂದೆ," ಎಂದಳು.

ಮೂರನೆಯ ಉತ್ತರವಿಲ್ಲ. ಮೊನ್ನೆಯೂ ಕೇಳಿದಳು. ನೆನಪಿಲ್ಲ ಎಂದೆ, ಅದು ನಿಜ. ಅದನ್ನು ಅವಳು ನಂಬಲಿಲ್ಲ.